ನೂರ ಮೂವತ್ತೊಂದು ಭಾನುವಾರ

ಫೆಬ್ರುವರಿ ೧೬, ಸೋಮವಾರ

ಜಿಪುಣಿಗೆ,

ನೀನು ಹೋದ ಮೇಲಿನ ಮೊದಲ ಭಾನುವಾರ ಕಳೆಯಿತು. ಹೋಗುವುದೋ ಬೇಡವೋ ಎಂದು ಬೆಳಿಗ್ಗೆ ಹತ್ತರವರೆಗೆ ಸ್ಕೂಟರ್ ಒರೆಸುತ್ತ ನಿಂತಿದ್ದೆ. ನೀನಿದ್ದಾಗ ಅದನ್ನು ಒಂದು ದಿನವೂ ಒರೆಸಿದವನಲ್ಲ. ಕೊನೆಗೆ ಹೋದೆ, ಸೇತುವೆ ಪಕ್ಕದ ಅಜ್ಜಿಯ ಹೋಟೆಲಿಗೆ. ಬೇರೆ ಕಡೆ ಒಬ್ಬನೇ ಹೋಗಿ ಕೂರುವ ಧೈರ್ಯ ಬರಲಿಲ್ಲ.

ಹಿಂದಿನ ಸೀಟು ಖಾಲಿಯಾದರೆ ಗಾಡಿ ಹಗುರಾಗುತ್ತದೆ ಎಂದುಕೊಂಡಿದ್ದೆ. ಇಲ್ಲ, ತಿರುವುಗಳಲ್ಲಿ ಎಳೆಯುತ್ತದೆ. ಹತ್ತೊಂಬತ್ತು ವರ್ಷ ನೀನು ನನಗೆ ತಿಳಿಯದಂತೆ ಪ್ರತಿ ತಿರುವಿನಲ್ಲೂ ವಾಲುತ್ತಿದ್ದೆ ಎಂದು ಕಾಣುತ್ತದೆ.

ಅಜ್ಜಿ ಎಂದಿನಂತೆ ತಟ್ಟೆ ಒಂದು, ಚಮಚ ಎರಡು ತಂದಿಟ್ಟಳು. ಆಮೇಲೆ ಆಚೀಚೆ ನೋಡಿ, “ಎಲ್ಲಪ್ಪ ನಿನ್ನ ಯಜಮಾನಿ?” ಎಂದಳು. ಕೆಲಸದ ಮೇಲೆ ಒಂದು ವರ್ಷಕ್ಕೆ ದೂರ ಹೋಗಿದ್ದಾಳೆ ಎಂದೆ. “ಒಂದು ವರ್ಷಾನಾ? ಕೆಟ್ಟೆ ನಾನು. ನಿನಗೆ ಕಲ್ಲು ಬೇಯಿಸಿ ಹಾಕಿದ್ರೂ ಹತ್ತಕ್ಕೆ ಒಂಬತ್ತು ಕೊಡ್ತೀಯ. ನನ್ನ ಅಡುಗೆ ಕೆಟ್ಟರೆ ಹೇಳೋರು ಯಾರು ಇನ್ನು?” ಎಂದಳು.

ಹುರಿದ ಮೀನು, ಬೆಣ್ಣೆ ಸವರಿದ ರೊಟ್ಟಿ. ಅಭ್ಯಾಸಬಲ, ಚೀಟಿ ಹರಿದು ಎರಡು ಮಾಡಿದೆ. ನನ್ನ ಅರ್ಧದಲ್ಲಿ ಎಂಟು ಎಂದು ಬರೆದೆ. ನಿನ್ನ ಅರ್ಧವನ್ನು ಕವುಚಿಟ್ಟು, ನಾವು ಮಾಡುವಂತೆಯೇ ಒಂದು, ಎರಡು, ಮೂರು ಎಂದು ಎಣಿಸಿ ತಿರುಗಿಸಿದೆ. ಖಾಲಿ. ನಕ್ಕೆ. ಆಮೇಲೆ ಅಷ್ಟು ನಗು ಬರಲಿಲ್ಲ.

ಫೋನ್ ಬೇಡ, ಪತ್ರ ಬರೆಯೋಣ ಎಂದೆ ನೀನು. ಫೋನಿನಲ್ಲಿ ನಾವು ‘ಊಟ ಆಯ್ತಾ’ ಎಂಬಲ್ಲಿಂದ ಮುಂದಕ್ಕೆ ಹೋಗುವುದೇ ಇಲ್ಲ ಎಂಬ ನಿನ್ನ ಮಾತು ನಿಜ. ಆದರೂ ಕೇಳುತ್ತೇನೆ. ಊಟ ಆಯಿತಾ? ಏನು ಊಟ? ಎಷ್ಟು ಅಂಕ?

ನಿನ್ನ
ಧಾರಾಳಿ

*

ಫೆಬ್ರುವರಿ ೨೪, ಮಂಗಳವಾರ

ಧಾರಾಳಿಗಳಿಗೆ,

ನಿಮ್ಮ ಪತ್ರ ಆರು ದಿನಕ್ಕೆ ಬಂತು. ತಂದುಕೊಟ್ಟವರು ತೂಬಿನಣ್ಣ. ಜಲಾಶಯದ ತೂಬು ಏರಿಸಿ ಇಳಿಸುವುದು ಅವರ ಕೆಲಸ. ವಾರಕ್ಕೆ ಎರಡು ಸಲ ಸೈಕಲ್ ತುಳಿದು ಅಂಚೆ ಕಚೇರಿಗೂ ಹೋಗುತ್ತಾರೆ. ನೀರು ಅಳೆಯುವ ಈ ಇಡೀ ಠಾಣೆಗೆ ನಾವಿಬ್ಬರೇ. ನನ್ನದು ಈ ಕೊನೆಯ ಕೋಣೆ, ಅವರದು ಆ ಕೊನೆಯದು, ನಡುವೆ ಕಬ್ಬಿಣದ ಸಾಮಾನು ತುಂಬಿದ ಉಗ್ರಾಣ.

ದಿನಕ್ಕೆ ಮೂರು ಸಲ ನೂರ ಹನ್ನೆರಡು ಮೆಟ್ಟಿಲು ಇಳಿಯುತ್ತೇನೆ. ನೀರಿನಲ್ಲಿ ಗೆರೆ ಬರೆದ ಕಂಬವೊಂದು ನಿಂತಿದೆ. ನೀರು ಯಾವ ಗೆರೆಯನ್ನು ಮುಟ್ಟಿದೆ ಎಂದು ಓದಿ, ಪುಸ್ತಕದಲ್ಲಿ ಬರೆದು, ಕಚೇರಿಗೆ ತಿಳಿಸಿದರೆ ಮುಗಿಯಿತು. ಲ್ಯಾಬಿನಲ್ಲಿ ಹದಿನೆಂಟು ವರ್ಷ ನೀರನ್ನು ಬಾಟಲಿಯಲ್ಲಿ ಕಂಡವಳು ನಾನು. ಇಲ್ಲಿ ನೀರು ಎಷ್ಟಿದೆ ಎಂದು ಮಾತ್ರ ಕೇಳುತ್ತಾರೆ; ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಅದು ನನಗೆ ಹಿಡಿಸಿದೆ.

ನೀರು ಇಳಿಯುತ್ತಿದೆ. ಅಣೆಕಟ್ಟು ಕಟ್ಟುವ ಮೊದಲಿನ ಹಳೆಯ ರಸ್ತೆಯೊಂದು ಗುಡ್ಡದಿಂದ ಇಳಿದು ಬಂದು ನೇರ ನೀರಿನೊಳಕ್ಕೆ ಹೋಗುತ್ತದೆ. ದಿನಕ್ಕೆ ಒಂದು ಮಾರಿನಷ್ಟು ಹೊರಬರುತ್ತಿದೆ. ಅಂಚಿನ ಬಿಳಿ ಕಲ್ಲುಗಳೂ ಹಾಗೆಯೇ ಇವೆ.

ನಿಮ್ಮ ಕೊನೆಯ ಪ್ರಶ್ನೆಗಳಿಗೆ: ಆಯಿತು.

ಇಂತಿ,
ಜಿಪುಣಿ

*

ಮಾರ್ಚ್ ೯, ಸೋಮವಾರ

ಜಿಪುಣಿಗೆ,

ನಿನ್ನ ಪತ್ರವನ್ನು ಬೈಂಡಿಂಗ್ ಅಂಗಡಿಗೆ ಒಯ್ದು ಮಧ್ಯಾಹ್ನ ಇನ್ನೊಮ್ಮೆ ಓದಿದೆ. ಮೆಟ್ಟಿಲಿದೆ, ಕಂಬವಿದೆ, ರಸ್ತೆಯಿದೆ. ಊಟ ಮಾತ್ರ ‘ಆಯಿತು’. ಆಸ್ಪತ್ರೆಯಲ್ಲಿ ಮಲಗಿದವರೂ ಇದಕ್ಕಿಂತ ಹೆಚ್ಚು ಬರೆಯುತ್ತಾರೆ.

ನಿನ್ನೆ ಗುಡ್ಡದ ಮೇಲಿನ ಹಣ್ಣಿನ ತೋಟಕ್ಕೆ ಹೋಗಿದ್ದೆ. ತೋಟದವನ ಹೆಂಡತಿ ಈಗ ಶೆಡ್ಡಿನಲ್ಲಿ ನಾಲ್ಕು ಬೆಂಚು ಹಾಕಿ ಕುಂಬಳಕಾಯಿ ಸೂಪು ಕೊಡುತ್ತಾಳೆ. ಏಳೂವರೆ ಕೊಟ್ಟೆ. ಅರ್ಧ ಅಂಕ ನಿಯಮದಲ್ಲಿಲ್ಲ, ಗೊತ್ತು, ತಡೆಯಲು ನೀನಿರಲಿಲ್ಲ. ಸೂಪಿನಲ್ಲಿ ಏನೋ ಒಂದು ಸೊಪ್ಪು ಹಾಕಿದ್ದಳು, ಹೆಸರು ಹೊಳೆಯಲಿಲ್ಲ. ನೀನಿದ್ದಿದ್ದರೆ ಬಟ್ಟಲು ಮೇಜಿಗೆ ಬರುವ ಮೊದಲೇ ಹೇಳಿಬಿಡುತ್ತಿದ್ದೆ. ಬಾಟಲಿ ಮೂಸಿಯೇ ನೀರಿನ ಗುಣ ಹೇಳುವ ನಿನ್ನನ್ನು ಲ್ಯಾಬಿನವರು ಮೂಗಮ್ಮ ಎಂದು ಕರೆದದ್ದು ಸುಮ್ಮನೆಯೇ? ಅಂಥ ಮೂಗನ್ನು ಕಂಬ ಓದಲು ಕಳಿಸಿದ್ದಾರಲ್ಲ, ಯಾರ ಹೊಟ್ಟೆಕಿಚ್ಚೋ ಏನೋ. ಮೇಲಿನವರ ಆದೇಶ, ಏನು ಮಾಡುವುದಕ್ಕಾಗುತ್ತದೆ ಎಂದು ನೀನು ಅಂದೆ. ನಾನಾಗಿದ್ದರೆ ಜಗಳ ಆಡುತ್ತಿದ್ದೆ.

ಏಪ್ರಿಲ್ ಐದಕ್ಕೆ ನಾನೇ ಬರುತ್ತೇನೆ. ಒಂದು ಬಸ್ಸು ಬದಲಿಸಿದರೆ ಐದು ಗಂಟೆಯ ದಾರಿ, ವಿಚಾರಿಸಿದ್ದೇನೆ. ಅಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ನೋಡಿಟ್ಟಿರು.

ಧಾರಾಳಿ

*

ಮಾರ್ಚ್ ೨೦, ಶುಕ್ರವಾರ

ಧಾರಾಳಿಗಳಿಗೆ,

ಬರಬೇಡಿ. ಇಲ್ಲಿ ತಿನ್ನಲು ಏನೂ ಸಿಗುವುದಿಲ್ಲ.

ಹದಿನಾಲ್ಕು ಕಿಲೋಮೀಟರ್ ಒಳಗೆ ಒಂದು ಚಹಾದಂಗಡಿಯೂ ಇಲ್ಲ. ತೂಬಿನಣ್ಣ ಬೆಳಿಗ್ಗೆ ಒಂದು ಪಾತ್ರೆ ಕಾಳು ಬೇಯಿಸಿಡುತ್ತಾರೆ. ಇಬ್ಬರಿಗೂ ಎರಡು ಹೊತ್ತಿಗೂ ಅದೇ. ನಿಮ್ಮಂಥವರು ಐದು ಗಂಟೆ ಬಸ್ಸಿನಲ್ಲಿ ಕುಳಿತು ಬಂದು ಅದನ್ನು ತಿನ್ನುವುದೆಂದರೇನು? “ನಿಮ್ಮೋರು ಬರಲ್ವೇನಮ್ಮ?” ಎಂದು ಅವರೂ ಕೇಳಿದರು. ಅವರಿಗೆ ಊಟದ ಶೋಕಿ ಎಂದೆ. “ಹಾಗಾದ್ರೆ ಬೇಡ ಬಿಡಿ. ನನ್ನ ಕಾಳು ತಿಂದ್ರೆ ನಿಮ್ಮನ್ನೂ ಇಲ್ಲೇ ಬಿಟ್ಟು ಓಡ್ತಾರೆ” ಎಂದರು.

ಇನ್ನೊಂದು ವಿಷಯ. ಕಚೇರಿಯಿಂದ ಒಂದು ನಮೂನೆ ಬಂದಿದೆ. ಈ ಠಾಣೆಗೆ ಬರಲು ಯಾರಿಗೂ ಮನಸ್ಸಿಲ್ಲವಂತೆ. ನಾನು ಒಪ್ಪಿ ಸಹಿ ಮಾಡಿದರೆ ಇಲ್ಲೇ ಇನ್ನೂ ನಾಲ್ಕು ವರ್ಷ. ಸೆಪ್ಟೆಂಬರ್ ಮೂವತ್ತರೊಳಗೆ ಕಳಿಸಬೇಕು. ಕಳಿಸದಿದ್ದರೆ ವರ್ಷ ತುಂಬಿದ ಮೇಲೆ ವಾಪಸು. ಹಾಗೇ ತಿಳಿಸಿದೆ, ಅಷ್ಟೆ.

ಇಂತಿ,
ಜಿಪುಣಿ

*

ಏಪ್ರಿಲ್ ೬, ಸೋಮವಾರ

ಜಿಪುಣಿಗೆ,

ನಿನ್ನೆ ಬರಬೇಕೆಂದಿದ್ದವನು ಮನೆಯಲ್ಲೇ ಉಳಿದೆ. ‘ಹಾಗೇ ತಿಳಿಸಿದೆ, ಅಷ್ಟೆ’ ಎಂಬ ಮಾತನ್ನು ಎಷ್ಟು ಸಲ ಓದಿದರೂ ಅದರ ತಳ ಸಿಗಲಿಲ್ಲ.

ಸಹಿ ಮಾಡಬೇಡ. ನೇರವಾಗಿ ಹೇಳುತ್ತಿದ್ದೇನೆ. ನಾಲ್ಕು ವರ್ಷ ಎಂದರೆ ಇನ್ನೂರ ಎಂಟು ಭಾನುವಾರ. ನನ್ನ ವಯಸ್ಸಿನವನಿಗೆ ಭಾನುವಾರಗಳ ವಿಷಯದಲ್ಲಿ ಧಾರಾಳಿಯಾಗಿರಲು ಆಗುವುದಿಲ್ಲ.

ಇನ್ನೊಂದು. ವಾರವೆಲ್ಲ ‘ನೀವು’ ಎನ್ನುವವಳು ಭಾನುವಾರ ಊರಿನ ಕೊನೆಯ ದೀಪದ ಕಂಬ ದಾಟುತ್ತಲೇ ನನ್ನನ್ನು ‘ನೀನು’ ಎನ್ನುತ್ತಿದ್ದೆ, ನೆನಪಿದೆಯೇ? ಬೆನ್ನ ಹಿಂದಿನಿಂದ ಆ ಮಾತು ಬಂದರೆ ನನಗೆ ರಜೆ ಶುರುವಾದಂತೆ. ನಿನ್ನ ಪತ್ರಗಳಿಗೆ ಇನ್ನೂ ಭಾನುವಾರ ಬಂದಿಲ್ಲ.

ಸುಮ್ಮನೆ ಕೂರಲಾರದೆ ನಮ್ಮ ಅಂಕದ ಪುಸ್ತಕವನ್ನು ಬಿಚ್ಚಿದ್ದೇನೆ. ಬೆನ್ನು ಮುರಿದು, ದಾರ ಸಡಿಲವಾಗಿ, ಮೊದಲ ವರ್ಷಗಳ ಹಾಳೆಗಳು ಕೈಗೇ ಬರುತ್ತಿದ್ದವು. ಎಲ್ಲ ಕಳಚಿ ಹೊಸದಾಗಿ ಹೊಲಿಯುತ್ತೇನೆ. ಅಡುಗೆಮನೆಯಲ್ಲೇ ಅಂಟು ಕಾಯಿಸಿದೆ. ಕಾಯಿಸುವಾಗ ಹಿಂದೊಮ್ಮೆ ಅಂಟಿನ ಪಾತ್ರೆಯನ್ನು ಮೂಲೆಯಲ್ಲಿ ಮರೆತದ್ದು ನೆನಪಾಯಿತು. ವಾರವಿಡೀ ಹುಳಿತು, ಕೊಳೆತು, ದಿನವೂ ಅಂಟು ಮೂಸುವ ನನಗೆ ಅದು ತಟ್ಟದೆ, ಪಕ್ಕದ ಮನೆಯವರು ಬಾಗಿಲು ಬಡಿದು “ನಿಮ್ಮನೇಲಿ ಇಲಿ ಏನಾದ್ರೂ ಸತ್ತಿದೆಯಾ?” ಎಂದು ಕೇಳುವ ತನಕ ಹೋಯಿತು. ನೀನು ಆ ಪಾತ್ರೆಯ ಪಕ್ಕದಲ್ಲೇ ಕುಳಿತು ವಾರವೆಲ್ಲ ಪೇಪರ್ ಓದಿದೆ. ಒಂದು ಮಾತು ಆಡಲಿಲ್ಲ. ಬೇರೆ ಹೆಂಡತಿಯಾಗಿದ್ದರೆ ಪಾತ್ರೆ ನನ್ನ ತಲೆಯ ಮೇಲಿರುತ್ತಿತ್ತು. ಎಂಥ ತಾಳ್ಮೆ ಇವಳದು ಎಂದು ಅವತ್ತೇ ಅಂದುಕೊಂಡೆ, ಹೇಳಲಿಲ್ಲ. ಈಗ ಹೇಳಿದ್ದೇನೆ.

ಧಾರಾಳಿ

*

ಏಪ್ರಿಲ್ ೨೭, ಸೋಮವಾರ

ಜಿಪುಣಿಗೆ,

ನಿನ್ನ ಉತ್ತರ ಬಂದಿಲ್ಲ. ಪರವಾಗಿಲ್ಲ, ನನಗೆ ಒಂದು ಸುದ್ದಿ ಹೇಳಬೇಕಾಗಿದೆ. ಕಾಯಲಾರೆ.

ಹೊಲಿಯುವ ಮೊದಲು ಬೈಂಡರು ಪುಟಗಳ ಕ್ರಮ ನೋಡುತ್ತಾನೆ, ಓದುವುದಿಲ್ಲ. ಮೂವತ್ತು ವರ್ಷ ಜನರ ಪುಸ್ತಕಗಳನ್ನು ಓದದೆ ಹೊಲಿದವನು ನಾನು. ಇದೊಂದನ್ನು ಓದಿಬಿಟ್ಟೆ. ತಾರೀಖು, ಜಾಗ, ತಿಂದದ್ದು, ಎಡಕ್ಕೆ ನನ್ನ ಅಂಕ, ಬಲಕ್ಕೆ ನಿನ್ನದು. ಮೊದಲ ವರ್ಷ ದೋಣಿಗಟ್ಟೆಯ ಸೂಪಿಗೆ ನನ್ನದು ಒಂಬತ್ತು, ನಿನ್ನದು ನಾಲ್ಕು. ಪಕ್ಕದಲ್ಲಿ ನಿನ್ನ ಅಕ್ಷರ: ‘ತಳ ಹಿಡಿದಿದೆ. ಮುಚ್ಚಿಟ್ಟಿದ್ದಾರೆ.’ ರೈಲ್ವೆ ಗೇಟಿನ ಆಮ್ಲೆಟ್ಟಿಗೆ ಎಂಟು, ಐದು: ‘ಹೋದ ವಾರದ ಎಣ್ಣೆ.’ ಹದಿನಾರು ವರ್ಷದಲ್ಲಿ ಏಳು ದಾಟಿದ್ದು ಎರಡೇ ಸಲ. ಜಿಪುಣಿ ಎಂದು ಸುಮ್ಮನೆ ಕರೆಯಲಿಲ್ಲ.

ಆಮೇಲೆ ಮೂರು ವರ್ಷದ ಹಿಂದಿನ ಚಳಿಗಾಲ. ನಿನಗೆ ಆ ದೊಡ್ಡ ಜ್ವರ ಬಂದು ಹೋದ ಮೇಲೆ. ಮೊದಲ ಕೆಲವು ತಿಂಗಳು ನನ್ನದಕ್ಕಿಂತ ಒಂದಂಕ ಕಡಿಮೆ. ಬಳಿಕ ಏಳು, ಏಳು. ಎಂಟು, ಎಂಟು. ಒಂಬತ್ತು, ಒಂಬತ್ತು. ಆರು, ಆರು. ಬೆರಳಿಟ್ಟು ಎಣಿಸಿದೆ. ನೂರ ಮೂವತ್ತೊಂದು ಭಾನುವಾರ, ಒಂದೂ ತಪ್ಪಿಲ್ಲ. ಮೊದಲ ಸಲ ಹಾಗಾದಾಗ ನಾನು ಎದ್ದು ನಿಂತು ಅಜ್ಜಿಗೆ ಚೀಟಿ ತೋರಿಸಿದ್ದು ನೆನಪಿದೆ. ಆದರೆ ಅಲ್ಲಿಂದ ಮುಂದೆ ಎಲ್ಲವೂ ಹಾಗೆಯೇ ಎಂದು ಲೆಕ್ಕ ಇಟ್ಟಿರಲಿಲ್ಲ.

ಇಬ್ಬರು ಒಂದೇ ತಟ್ಟೆಯಲ್ಲಿ ಹದಿನಾರು ವರ್ಷ ತಿಂದರೆ ಕೊನೆಗೆ ನಾಲಿಗೆಯೂ ಒಂದಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಬರವಣಿಗೆಯಲ್ಲೇ ಇದೆಯಲ್ಲ. ಅಂಗಡಿಯಲ್ಲಿ ಕುಳಿತವನ ಕಣ್ಣಲ್ಲಿ ನೀರು ಬಂತು. ಗಿರಾಕಿಗೆ ಅಂಟಿನ ಘಾಟು ಎಂದೆ.

ಮುಂದಿನ ವರ್ಷಗಳಿಗೆಂದು ಹೊಸ ಹಾಳೆ ಸೇರಿಸಿದ್ದೇನೆ. ಅವಕ್ಕೆ ಅಂಕದ ಕಾಲಂ ಒಂದೇ ಹಾಕಿದ್ದೇನೆ. ಇನ್ನು ಎರಡು ಯಾಕೆ?

ಧಾರಾಳಿ

*

ಮೇ ೧೨, ಮಂಗಳವಾರ

ನಿಮಗೆ,

ಒಂದೇ ಕಾಲಂ ಹಾಕದೆ ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಸುಮ್ಮನೆ ಸಹಿ ಮಾಡಿ, ಕಚೇರಿಯ ಒತ್ತಾಯ ಎಂದು ನಿಮಗೆ ಹೇಳಿಬಿಡುತ್ತಿದ್ದೆ.

ಆ ಜ್ವರ ಇಳಿದ ಮೇಲೆ ನನಗೆ ವಾಸನೆ ಬರುವುದಿಲ್ಲ. ರುಚಿಯೂ ಇಲ್ಲ. ಸ್ವಲ್ಪ ಎಂದಲ್ಲ, ಏನೂ ಇಲ್ಲ. ರೊಟ್ಟಿ ಒದ್ದೆ ಕಾಗದ, ಮೀನು ಬಿಸಿ ಕಾಗದ. ಡಾಕ್ಟರು ಆರು ತಿಂಗಳು ಕಾಯಿರಿ ಎಂದರು, ಆಮೇಲೆ ಒಂದು ವರ್ಷ ಎಂದರು, ಆಮೇಲೆ ಅಭ್ಯಾಸ ಮಾಡಿಕೊಳ್ಳಿ ಎಂದರು. ಮೂರು ಸಲವೂ ಲ್ಯಾಬಿನಿಂದ ನೇರ ಹೋಗಿ ಬಂದೆ.

ಮೊದಲ ಭಾನುವಾರವೇ ಹೇಳಬೇಕೆಂದಿದ್ದೆ. ನಾಳೆ ಸರಿಹೋದರೆ ಈ ದಿನ ಯಾಕೆ ನಿಮ್ಮ ಊಟ ಕೆಡಿಸಬೇಕು ಎಂದುಕೊಂಡೆ. ಚೀಟಿಯಲ್ಲಿ ಏನಾದರೂ ಬರೆಯಲೇಬೇಕಲ್ಲ, ನಿಮ್ಮ ಮುಖ ನೋಡಿದೆ. ನಿಮಗೆ ಗೊತ್ತಿಲ್ಲ, ಆದರೆ ನಿಮ್ಮ ಮುಖದಲ್ಲೂ ಗೆರೆ ಬರೆದಿದೆ. ಒಂಬತ್ತಾದರೆ ಚಮಚ ಕೆಳಗಿಟ್ಟು ಕಿಟಕಿಯ ಆಚೆ ನೋಡುತ್ತೀರಿ. ಎಂಟಾದರೆ ಕಿವಿ ಮುಟ್ಟಿಕೊಳ್ಳುತ್ತೀರಿ. ಏಳಾದರೆ ಯಾರೂ ಕೇಳದಿದ್ದರೂ “ಪರವಾಗಿಲ್ಲ” ಅನ್ನುತ್ತೀರಿ. ಆರಕ್ಕೆ ನೀರು ಕೇಳುತ್ತೀರಿ. ಜಿಪುಣಿ ಎಂಬ ಹೆಸರು ಉಳಿಯಲೆಂದು ಮೊದಮೊದಲು ಒಂದಂಕ ಕಡಿಮೆ ಹಾಕಿದೆ. ಒಂದು ದಿನ ಕೈತಪ್ಪಿ ನಿಮ್ಮಷ್ಟೇ ಬರೆದುಬಿಟ್ಟೆ. ನೀವು ಎದ್ದು ನಿಂತಿರಿ. ಚೀಟಿ ಹಿಡಿದು ಅಜ್ಜಿಯ ಒಲೆಯವರೆಗೆ ಓಡಿದಿರಿ. ಅಷ್ಟು ಖುಷಿಯಾದ ನಿಮ್ಮನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಮುಂದಿನ ಭಾನುವಾರ ಬೇರೆ ಅಂಕ ಬರೆಯಲು ಕೈ ಬರಲಿಲ್ಲ. ಅದರ ಮುಂದಿನದಕ್ಕೂ.

ಅಂಟಿನ ಪಾತ್ರೆ ಅಲ್ಲಿತ್ತೆಂದೇ ನನಗೆ ಗೊತ್ತಿರಲಿಲ್ಲ. ತಾಳ್ಮೆ ಅಲ್ಲ.

ಇನ್ನೊಂದೂ ಇದೆ. ನನ್ನನ್ನು ಇಲ್ಲಿಗೆ ಯಾರೂ ಕಳಿಸಲಿಲ್ಲ, ನಾನೇ ಬರೆದು ಕೇಳಿಕೊಂಡೆ. ಲ್ಯಾಬಿನಲ್ಲಿ ನೀರನ್ನು ಬಿಸಿ ಮಾಡಿ, ಬಾಟಲಿ ಅಲ್ಲಾಡಿಸಿ, ಮುಚ್ಚಳ ತೆಗೆದು ಮೂಸಿ, ಬರೆಯಬೇಕು. ಮೂರು ವರ್ಷ ಪಕ್ಕದ ಮೇಜಿನವಳ ಮುಖ ನೋಡಿ ಬರೆದೆ. ಕಳೆದ ಅಕ್ಟೋಬರಿನಲ್ಲಿ ಅವಳು ರಜೆಯಲ್ಲಿದ್ದ ದಿನ ಒಂದು ಬಾಟಲಿಗೆ ‘ವಾಸನೆ ಇಲ್ಲ’ ಎಂದು ಬರೆದು ಮುಂದಿನದನ್ನು ತೆಗೆದುಕೊಂಡೆ. ಒಳಗೆ ಬಂದ ಗುಮಾಸ್ತರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, “ಏನ್ ಮೇಡಂ ಇದು, ಚರಂಡಿ ಒಡೆದಿದೆಯಾ?” ಎಂದರು. ಆ ಬಾಟಲಿಯ ನೀರು ಒಂದು ಶಾಲೆಯ ತೊಟ್ಟಿಯದು. ಬರೆದದ್ದನ್ನು ಹೊಡೆದು ಹಾಕಿದೆ, ತೊಟ್ಟಿ ಮುಚ್ಚಿಸಿದರು, ಯಾರಿಗೂ ಏನೂ ಆಗಲಿಲ್ಲ. ಅವತ್ತು ಸಂಜೆಯೇ ಅರ್ಜಿ ಬರೆದೆ.

ಆ ವಾರದ ಭಾನುವಾರವೂ ಹೊರಗೆ ಹೋಗಿದ್ದೆವು. ಎಂಟು, ಎಂಟು.

ಇಲ್ಲಿ ನನಗೆ ನೆಮ್ಮದಿಯಿದೆ. ತೂಬಿನಣ್ಣನ ಕಾಳು ಹೇಗಿದೆ ಎಂದು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ.

ನಮೂನೆ ಮೇಜಿನ ಮೇಲಿದೆ.

*

ಜೂನ್ ೯, ಮಂಗಳವಾರ

ನಿಮಗೆ,

ನಾಲ್ಕು ವಾರವಾಯಿತು. ಬರೆಯಿರಿ ಎಂದು ಕೇಳುವ ಹಕ್ಕು ನನಗಿಲ್ಲ.

ಇವತ್ತಿನ ಮಟ್ಟ ಈ ವರ್ಷದಲ್ಲೇ ಕಡಿಮೆ. ಹಳೆಯ ರಸ್ತೆ ಈಗ ತಿರುವಿನವರೆಗೂ ಹೊರಗೆ ಬಂದಿದೆ. ಅಲ್ಲಿ ಒಂದು ಮೈಲಿಗಲ್ಲು. ಕೆಸರು ಒರೆಸಿ ನೋಡಿದೆ. ಅಕ್ಷರವೆಲ್ಲ ಹೋಗಿ ‘೬’ ಎಂಬುದೊಂದು ಉಳಿದಿದೆ. ಯಾವ ಊರಿಗೆ ಆರು ಎಂದು ತಿಳಿಯುವುದಿಲ್ಲ.

*

ಜುಲೈ ೭, ಮಂಗಳವಾರ

ನಿಮಗೆ,

ನೀರು ಏರಲು ಶುರುವಾಗಿದೆ. ಮೈಲಿಗಲ್ಲು ಮುಳುಗಿತು.

ತೂಬಿನಣ್ಣ ಅಂಚೆಯಿಂದ ಬಂದವರು ನಾನು ಕೇಳುವ ಮೊದಲೇ ಎರಡೂ ಕೈ ತೋರಿಸುತ್ತಾರೆ.

*

ಜುಲೈ ೨೦, ಸೋಮವಾರ

ನಿನಗೆ,

ನಿನ್ನ ಮೇ ತಿಂಗಳ ಪತ್ರಕ್ಕೆ ನಾಲ್ಕು ಉತ್ತರ ಬರೆದೆ. ನಾಲ್ಕನ್ನೂ ಕತ್ತರಿಸಿ ರಟ್ಟಿನ ಒಳಗೆ ಅಂಟಿಸಿದೆ. ಬೈಂಡರಿಗೆ ಹಳೆಯ ಕಾಗದ ಎಲ್ಲದಕ್ಕೂ ಆಗುತ್ತದೆ. ಮೊದಲನೆಯದರಲ್ಲಿ ಕೆಟ್ಟ ಮಾತುಗಳಿದ್ದವು. ನಾಲ್ಕನೆಯದರಲ್ಲಿ ಕ್ಷಮೆ ಇತ್ತು. ಅದು ಇನ್ನೂ ಕೆಟ್ಟದಾಗಿತ್ತು.

ಸಿಟ್ಟು ಬಂದದ್ದು ನೀನು ಸುಳ್ಳು ಬರೆದದ್ದಕ್ಕಲ್ಲ. ಆ ಮೂರು ವರ್ಷ ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದವು. ಅವು ನಿಜವಾಗಿ ಇದ್ದವೋ ಇಲ್ಲವೋ ಎಂದೇ ಗೊತ್ತಾಗದ ಹಾಗೆ ಮಾಡಿದೆ ನೀನು.

ಮೇ ಕೊನೆಯಿಂದ ಪ್ರತಿ ಭಾನುವಾರ ಪುಸ್ತಕ ಹಿಡಿದು ಒಂದೊಂದೇ ಜಾಗಕ್ಕೆ ಮತ್ತೆ ಹೋದೆ. ಏನನ್ನು ಹುಡುಕುತ್ತಿದ್ದೆನೋ! ದೋಣಿಗಟ್ಟೆ, ರೈಲ್ವೆ ಗೇಟು, ಹಣ್ಣಿನ ತೋಟ. ಎಲ್ಲ ಕಡೆಯೂ ತಿಂದೆ, ಎಲ್ಲಿಯೂ ಬರೆಯಲಿಲ್ಲ. ಕೊನೆಗೆ ಸೇತುವೆಯ ಅಜ್ಜಿ.

“ಅವಳಿಗೆ ರುಚಿ ಗೊತ್ತಾಗಲ್ಲವಂತೆ ಅಜ್ಜಿ, ಮೂರು ವರ್ಷದಿಂದ” ಎಂದೆ.

ಅಜ್ಜಿ ಮೀನು ತಿರುವಿ ಹಾಕುತ್ತ, “ಗೊತ್ತು” ಎಂದಳು.

“ಗೊತ್ತಾ?”

“ನೀನು ಕೈ ತೊಳೆಯೋಕೆ ಹೋದಾಗ ‘ಉಪ್ಪು ನೋಡವ್ವ’ ಅಂತ ಒಂದು ಚಮಚ ಕೊಟ್ಟಿದ್ದೆ. ಇನ್ನೂ ಉಪ್ಪೇ ಹಾಕಿರಲಿಲ್ಲ ಅದಕ್ಕೆ. ಸರಿಯಾಗಿದೆ ಅಂದ್ಲು. ಮುಂದಿನ ವಾರ ಎರಡರಷ್ಟು ಹಾಕಿ ಕೊಟ್ಟೆ. ಅದೂ ಸರಿಯಾಗಿದೆ ಅಂದ್ಲು.”

“ನನಗೆ ಯಾಕೆ ಹೇಳಲಿಲ್ಲ?”

“ಗಂಡ ಹೆಂಡ್ತಿ ತಟ್ಟೆಗೆ ಮೂರನೆಯವಳು ನಾನ್ಯಾಕೆ ಕೈ ಹಾಕಲಿ? ಅಲ್ಲದೆ ನೀನು ಎದುರಿಗೇ ಕೂತಿರ್ತಿದ್ದೆ. ನಿನಗೆ ಗೊತ್ತಿದೆ ಅಂತಲೇ ತಿಳ್ಕೊಂಡಿದ್ದೆ. ಅವಳ ಹೆಸರು ಉಳೀಲಿ ಅಂತ ನಾನೂ ಏನೂ ಗೊತ್ತಿಲ್ಲದೋಳ ಹಾಗೆ ಮಾತಾಡ್ತಿದ್ದೆ.”

ಮನೆಗೆ ಬರುವ ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿದೆ. ಒಲೆಯ ಮುಂದೆ ನಿಂತವಳಿಗೆ ಎರಡು ಚಮಚದಲ್ಲಿ ತಿಳಿದದ್ದು ಎದುರಿಗೆ ಕುಳಿತವನಿಗೆ ನೂರ ಮೂವತ್ತೊಂದು ಭಾನುವಾರದಲ್ಲಿ ತಿಳಿಯಲಿಲ್ಲ. ನೀನು ನನ್ನ ಮುಖ ನೋಡುತ್ತಿದ್ದೆ. ನಾನು ಚೀಟಿ ನೋಡುತ್ತಿದ್ದೆ.

ಒಂದು ಕೇಳುತ್ತೇನೆ. ಅಷ್ಟು ದಿನ ನೋಡಿದೆಯಲ್ಲ, ಅಂಕ ಬಿಟ್ಟು ಬೇರೆ ಏನು ಕಂಡೆ?

*

ಆಗಸ್ಟ್ ೪, ಮಂಗಳವಾರ

ನಿಮಗೆ,

ಕೇಳಿದ್ದೀರಿ, ಬರೆಯುತ್ತೇನೆ.

ಬಿಸಿ ಇದ್ದರೆ ಊದುವುದಿಲ್ಲ ನೀವು. ಬಾಯಿಗೆ ಹಾಕಿಕೊಂಡು ಒದ್ದಾಡುತ್ತೀರಿ. ಒಳ್ಳೆಯ ತುಂಡನ್ನು ತಟ್ಟೆಯಲ್ಲಿ ನನ್ನ ಕಡೆಗೆ ತಳ್ಳುತ್ತೀರಿ, ಚಮಚದ ಬೆನ್ನಿನಿಂದ, ನನಗೆ ಕಾಣಬಾರದೆಂಬಂತೆ. ನನಗೆ ಮೊದಲು ಅದು ಗೊತ್ತಿರಲಿಲ್ಲ. ರುಚಿ ಇದ್ದ ದಿನಗಳಲ್ಲಿ ನಾನೂ ತಟ್ಟೆಯನ್ನೇ ನೋಡುತ್ತಿದ್ದೆ. ಹದಿನಾರು ವರ್ಷ ಒಳ್ಳೆಯ ತುಂಡುಗಳನ್ನು ತಿಂದು ನಾಲ್ಕು, ಐದು ಎಂದು ಬರೆದಿದ್ದೇನೆ.

ಕಳೆದ ವರ್ಷದ ಬೇಸಿಗೆಯಿಂದ ನೀವು ಎಡಗಡೆ ಅಗಿಯುವುದಿಲ್ಲ. ಹಲ್ಲು ನೋವೆಂದು ನನಗೆ ಹೇಳಲಿಲ್ಲ. ಹೇಳಿದರೆ ಭಾನುವಾರ ಮನೆಯಲ್ಲೇ ಕೂರಿಸಿಬಿಡುತ್ತಾಳೆ ಎಂದು ಇರಬೇಕು.

ನಿಮ್ಮ ಅಕ್ಕ ತೀರಿಕೊಂಡ ಮೂರನೇ ವಾರ, ಹೋಗುವುದು ಬೇಡ ಎಂದೆ. “ನಡಿ, ಹೋಗೋಣ” ಎಂದಿರಿ. ಕಾಡಂಚಿನ ಆ ಶೆಡ್ಡಿನಲ್ಲಿ ಕುಳಿತೆವು. ಅವತ್ತು ನಿಮ್ಮ ಮುಖದಲ್ಲಿ ಗೆರೆಗಳೇ ಇರಲಿಲ್ಲ. ಕಿವಿ ಮುಟ್ಟಲಿಲ್ಲ, ನೀರು ಕೇಳಲಿಲ್ಲ. ನನ್ನ ಹಾಗೆಯೇ ಅಗಿದು ನುಂಗುತ್ತಿದ್ದಿರಿ. ಆದರೂ ಎಂಟು ಬರೆಯುತ್ತೀರಿ ಎಂದು ನನಗೆ ಗೊತ್ತಿತ್ತು, ಎದುರಿಗೆ ನಾನಿದ್ದೆನಲ್ಲ. ನಾನೂ ಎಂಟು ಬರೆದೆ. ಚೀಟಿ ತಿರುಗಿಸಿ ನೀವು ನಕ್ಕಿರಿ.

ನೂರ ಮೂವತ್ತೊಂದರಲ್ಲಿ ಆ ಒಂದನ್ನು ತೆಗೆಯಬೇಡಿ. ಅವತ್ತಿನ ನನ್ನ ಅಂಕ ನಿಮ್ಮದಕ್ಕಿಂತ ಹೆಚ್ಚು ಸುಳ್ಳಾಗಿರಲಿಲ್ಲ.

*

ಸೆಪ್ಟೆಂಬರ್ ೧೪, ಸೋಮವಾರ

ನಿನಗೆ,

ಅಕ್ಕನ ವಿಷಯ ನಿಜ. ಆ ದಿನ ಏನು ತಿಂದೆವೆಂದು ನೆನಪಿಗೆ ಬರಲೇ ಇಲ್ಲ, ಪುಸ್ತಕ ನೋಡಿದೆ. ಹುರಿದ ಅಣಬೆ. ಎಂಟು, ಎಂಟು.

ಹಲ್ಲನ್ನು ಕಳೆದ ವಾರ ಕೀಳಿಸಿದೆ. ಇನ್ನೂ ಗಂಜಿಯೇ ಗತಿ. ಒಂದು ವಾರ ರುಚಿಯ ಯೋಚನೆಯಿಲ್ಲದೆ ತಿಂದು ನೋಡಿದೆ. ನೀನು ಮೂರು ವರ್ಷ ಹೇಗೆ ತಿಂದೆಯೋ ಎಂಬುದಕ್ಕೆ ಇದು ಸಮವಲ್ಲ, ಗೊತ್ತಿದೆ. ಬಿಸಿ ತಿಳಿಯಿತು, ಗಂಟಲಿಗೆ ಇಳಿಯುವುದು ತಿಳಿಯಿತು. ಬಟ್ಟಲು ಎಷ್ಟು ನುಣುಪು ಎಂದು ಮೊದಲ ಸಲ ಗಮನಿಸಿದೆ.

ಪುಸ್ತಕ ಮುಗಿಯಿತು. ಒಂದೇ ಕಾಲಂ ಹಾಕಿದ್ದ ಹಾಳೆಗಳನ್ನು ಬಿಚ್ಚಿ ತೆಗೆದೆ. ಎರಡು ಕಾಲಂ ಹಾಕೋಣವೆಂದು ಅಡಿಪಟ್ಟಿ ಇಟ್ಟೆ, ಅದೂ ಸರಿಕಾಣಲಿಲ್ಲ. ಗೆರೆಯಿಲ್ಲದ ಖಾಲಿ ಹಾಳೆಗಳನ್ನೇ ಹೊಲಿದಿದ್ದೇನೆ. ಏನು ಬರೆಯುವುದೆಂದು ಕೇಳಬೇಡ, ಬೈಂಡರಿಗೆ ಅದು ಗೊತ್ತಿರುವುದಿಲ್ಲ.

ಸಹಿ ಮಾಡಬೇಡ ಎಂದು ಏಪ್ರಿಲಿನಲ್ಲಿ ಬರೆದಿದ್ದೆ. ಅದು ನನ್ನ ಭಾನುವಾರಗಳಿಗಾಗಿ ಬರೆದದ್ದು. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಅಲ್ಲಿ ನೆಮ್ಮದಿಯಿದ್ದರೆ ಮಾಡು.

ಊಟ ಆಯಿತಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅದರ ಬದಲು ಏನು ಕೇಳಬೇಕೆಂದು ಇನ್ನೂ ಹೊಳೆದಿಲ್ಲ.

*

ಅಕ್ಟೋಬರ್ ೪, ಭಾನುವಾರ

ನಿನಗೆ,

ಮೂವತ್ತನೇ ತಾರೀಖು ಬೆಳಿಗ್ಗೆ ತೂಬಿನಣ್ಣ ಸೈಕಲ್ ಹಿಡಿದು ಬಾಗಿಲಲ್ಲಿ ನಿಂತು, “ಕಚೇರಿಗೆ ಕಳಿಸೋದು ಏನಾದ್ರೂ ಇದೆಯೇನಮ್ಮ?” ಎಂದರು. ನಮೂನೆ ಮೇಜಿನ ಮೇಲಿತ್ತು. ಮಟ್ಟ ಓದುವ ಹೊತ್ತಾಯಿತು ಎಂದು ಮೆಟ್ಟಿಲು ಇಳಿದೆ. ನೂರ ಹನ್ನೆರಡು ಇಳಿದು, ಬರೆದು, ನೂರ ಹನ್ನೆರಡು ಹತ್ತಿ ಬರುವಷ್ಟರಲ್ಲಿ ಅವರು ಹೋಗಿದ್ದರು. ನಮೂನೆ ಅಲ್ಲೇ ಇತ್ತು. ಅದರ ಹಿಂಭಾಗ ಖಾಲಿಯಿತ್ತು, ಈ ಪತ್ರವನ್ನು ಅದರ ಮೇಲೆಯೇ ಬರೆಯುತ್ತಿದ್ದೇನೆ.

ಮನೆಗೆ ಬಂದ ಮೇಲೆ ಹೇಗೆ ಎಂಬುದು ನನಗೆ ಗೊತ್ತಿಲ್ಲ. ಲ್ಯಾಬಿಗೆ ಹೋಗಲಾರೆ, ಅಲ್ಲಿಯೂ ನಿಜ ಬರೆದು ಕಳಿಸಿದ್ದೇನೆ. ಅಜ್ಜಿಯ ಹೋಟೆಲಿನಲ್ಲಿ ಕೂರುವುದು ಹೇಗೆ ಎಂಬುದೂ ಗೊತ್ತಿಲ್ಲ. ಅದಕ್ಕೆ ಇನ್ನೂ ನಾಲ್ಕು ತಿಂಗಳಿದೆ.

ಜಲಾಶಯ ತುಂಬಿದೆ. ಹಳೆಯ ರಸ್ತೆ ಗುಡ್ಡದಿಂದ ನೂರು ಹೆಜ್ಜೆ ಬಂದು ನೀರಿಗೆ ಇಳಿಯುತ್ತದೆ. ಸ್ಕೂಟರಿನಲ್ಲಿ ಬಂದರೆ ಅಲ್ಲಿಯವರೆಗೂ ಹೋಗಬಹುದು. ಗುಡ್ಡ ಇಳಿಯುವಲ್ಲಿ ತಿರುವು ಒಂದೇ, ಹಿಂದೆ ನಾನು ಕೂರುತ್ತೇನೆ. ಕೊನೆಯಲ್ಲಿ ಎರಡು ಬಿಳಿ ಕಲ್ಲು ನೀರಿನಿಂದ ಮೇಲಿವೆ. ಎದುರುಬದುರು ಕೂರಲು ಆಗುವುದಿಲ್ಲ, ಪಕ್ಕಪಕ್ಕದಲ್ಲಿ ಕೂರಬೇಕು.

ಪುಸ್ತಕ ತಾ. ಅಂಟು ಹುಳಿತಿದ್ದರೆ ನೀನೇ ಹೇಳಬೇಕು, ನನಗೆ ತಿಳಿಯುವುದಿಲ್ಲ. ಕಾಳು ಕೆಟ್ಟಿದ್ದರೆ ಅದನ್ನೂ ಹೇಳು. ತೂಬಿನಣ್ಣನಿಗೂ ಗೊತ್ತಾಗಲಿ.

ಇದು ಸಿಕ್ಕ ಮೇಲಿನ ಭಾನುವಾರ ಬಾ. ಇಲ್ಲಿ ತಿನ್ನಲು ಏನೂ ಸಿಗುವುದಿಲ್ಲ.